‘ಅನಾಥ’ ಎನ್ನಬಹುದೇ? ಕೆನಡಾದ ಹೊಲಮನೆಗಳಿಗೆ ಹೋದ ಬ್ರಿಟಿಷ್ ಮಕ್ಕಳ ಬಗ್ಗೆ ಒಂದು ಪದದ ಪ್ರಶ್ನೆ

ಒಂಟಾರಿಯೋ ಕನ್ನಡತಿ (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಕನ್ನಡ ಸಂಘದ ರಾಜ್ಯೋತ್ಸವ ಸ್ಮರಣ ಸಂಚಿಕೆಗೆ ಈ ವರ್ಷ ನಾನೊಂದು ಲೇಖನ ಬರೆದುಕೊಟ್ಟೆ. 1869ರಿಂದ 1930ರ ದಶಕದ ಕೊನೆಯವರೆಗೆ ಬ್ರಿಟನ್ನಿನಿಂದ ಕೆನಡಾದ ಹೊಲಮನೆಗಳಿಗೆ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ತಂದೆತಾಯಿ ಜೊತೆಯಿಲ್ಲದೆ ಕಳುಹಿಸಲಾಯಿತು. ನಾನಿರುವ ಪೀಟರ್‌ಬರೋ ಪಟ್ಟಣಕ್ಕೆ ಆ ಮಕ್ಕಳೊಂದಿಗಿರುವ ನಂಟೇ ಲೇಖನದ ವಿಷಯ. ಸಂಪಾದಕರು ಬರಹವನ್ನು ಮೆಚ್ಚಿಕೊಂಡು ಶೀರ್ಷಿಕೆಯನ್ನು ಮಾತ್ರ ‘ಕೆನಡಾ ಸಾಕಿದ ಬ್ರಿಟಿಷ್ ಅನಾಥರು’ ಎಂದು ತಿದ್ದಿ ಕಳುಹಿಸಿದ್ದಾರೆ. ನಾಲ್ಕು ಪದಗಳಲ್ಲಿ ಎರಡು ತಪ್ಪು ಎಂಬುದು ನನ್ನ ತಕರಾರು. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆಯೋ ತಾಯಿಯೋ ಇಬ್ಬರೂ ಆಗಲಿ ಬದುಕಿದ್ದರು. ಇನ್ನು ‘ಸಾಕಿದ’ ಎಂಬುದಕ್ಕೆ ಬಂದರೆ, ಹೊಟ್ಟೆಬಟ್ಟೆಯ ಮೇಲೆ ದುಡಿಸಿಕೊಂಡವರನ್ನು ಸಾಕಿದರು ಎನ್ನುವುದು ಹೇಗೆ?

ಇಲ್ಲಿನ ಜನ ಅವರನ್ನು ‘ಹೋಂ ಚಿಲ್ಡ್ರನ್’ ಎನ್ನುತ್ತಾರೆ. ‘ಹೋಂ’ ಎಂದರೆ ಇಲ್ಲಿ ಮನೆಯಲ್ಲ, ಮಕ್ಕಳನ್ನು ಕಳುಹಿಸಿದ ಧರ್ಮಸಂಸ್ಥೆಯ ಆಶ್ರಯಧಾಮ. ಲಂಡನ್ನಿನ ಡಾಕ್ಟರ್ ಬರ್ನಾರ್ಡೋ ಸಂಸ್ಥೆಯವರು ಹೆಣ್ಣುಮಕ್ಕಳನ್ನು ತಂದು ಇಳಿಸುತ್ತಿದ್ದ ಹೇಜಲ್‌ಬ್ರೇ ಎಂಬ ದೊಡ್ಡ ಮನೆ ಇದೇ ಪೀಟರ್‌ಬರೋದಲ್ಲಿತ್ತು. 1880ರ ದಶಕದಿಂದ ಸಾವಿರಾರು ಹುಡುಗಿಯರು ಇಲ್ಲಿಗೆ ಬಂದು, ಕೆಲವೇ ದಿನಗಳಲ್ಲಿ ಒಬ್ಬೊಬ್ಬರಾಗಿ ರೈಲು ಹತ್ತಿ ಗುರುತಿಲ್ಲದ ಹೊಲಮನೆಗಳಿಗೆ ಹೋದರು. ಕಟ್ಟಡ ಈಗಿಲ್ಲ, ಬರ್ನಾರ್ಡೋ ಹೆಸರಿನ ರಸ್ತೆಯೊಂದು ಉಳಿದಿದೆ.

ನಮ್ಮ ಪಕ್ಕದ ಮನೆಯ ಅಜ್ಜಿಯ ತಂದೆ ಅಂಥ ಒಬ್ಬ ಹುಡುಗ. ಆತ ತಂದಿದ್ದ ಮರದ ಪೆಟ್ಟಿಗೆ ಅವರ ಗ್ಯಾರೇಜಿನಲ್ಲಿದೆ. ಮೇಲೆ ಮೊಸಳೆ ಚರ್ಮದಂತೆ ಕಾಣುವ ಕಂದು ಕಾಗದ ಅಂಟಿಸಿದ್ದಾರೆ, ಮೂಲೆಗಳಿಗೆ ತಗಡು ಬಡಿದಿದ್ದಾರೆ. ನಮ್ಮೂರಿನ ಹಳೆಯ ಟ್ರಂಕಿನ ಅರ್ಧದಷ್ಟೂ ಇಲ್ಲ. ಬಟ್ಟೆಬರೆ, ಒಂದು ಬೈಬಲ್ಲು, ಅಷ್ಟೇ ಅದರಲ್ಲಿ ಬಂದದ್ದು. ತಂದೆ ಬದುಕಿರುವವರೆಗೆ ಆ ಪೆಟ್ಟಿಗೆಯನ್ನು ಮನೆಯೊಳಗೆ ತರಲು ಬಿಡಲಿಲ್ಲವಂತೆ, ಬಿಸಾಡಲೂ ಬಿಡಲಿಲ್ಲವಂತೆ. ‘ಅನಾಥರು’ ಎಂದು ಅಚ್ಚಾದ ಸಂಚಿಕೆಯನ್ನು ಆ ಅಜ್ಜಿಯ ಕೈಗೆ ಕೊಡಲು ನನಗೆ ಮನಸ್ಸಿಲ್ಲ. ಕನ್ನಡದಲ್ಲಿ ಇವರನ್ನು ಏನೆಂದು ಕರೆಯೋಣ?

ಹಳೆಯ ಮೇಷ್ಟ್ರು:

ತಂಗಿ, ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ಕನ್ನಡದಲ್ಲಿ ಈ ಸ್ಥಿತಿಗೆ ಪದಗಳ ಕೊರತೆಯಿಲ್ಲ, ಆದರೆ ಒಂದೊಂದು ಪದವೂ ಒಂದೊಂದು ಕಥೆ ಹೇಳುತ್ತದೆ. ಅನಾಥ ಎಂದರೆ ನಾಥನಿಲ್ಲದವನು. ಕಾಯುವವರು ಇಲ್ಲ ಎಂಬುದೇ ಅಲ್ಲಿ ಮುಖ್ಯ, ಯಾರು ಬೇಕಾದರೂ ಬಂದು ನಾಥನಾಗಬಹುದು ಎಂಬ ಅನುಮತಿಯೂ ಅದರಲ್ಲಿ ಅಡಗಿದೆ. ತಬ್ಬಲಿ ಎಂದರೆ ತಾಯಿ ಸತ್ತ ಕರು ಕಣ್ಣಿಗೆ ಕಟ್ಟುತ್ತದೆ. ಈ ಮಕ್ಕಳ ತಾಯಂದಿರು ಸತ್ತಿರಲಿಲ್ಲ ಎನ್ನುತ್ತೀರಿ, ಆದ್ದರಿಂದ ಅದೂ ಹೊಂದುವುದಿಲ್ಲ.

‘ಪರದೇಶಿ’ ಎಂಬ ಪದವನ್ನು ಯೋಚಿಸಿದ್ದೀರಾ? ‘ಪರದೇಶಿ ಮಗ’ ಎಂದು ನಮ್ಮ ಕಡೆ ಹೇಳಿದರೆ ಹೊರದೇಶದವನು ಎಂದಲ್ಲ, ಹೇಳಕೇಳುವವರಿಲ್ಲದ ಬಡಪಾಯಿ ಎಂದು ಅರ್ಥ. ತನ್ನ ನೆಲದಿಂದ ದೂರವಾದವನೇ ದಿಕ್ಕಿಲ್ಲದವನು ಎಂದು ನಮ್ಮ ಹಿರಿಯರು ತಿಳಿದಿದ್ದರಿಂದ ಒಂದೇ ಪದಕ್ಕೆ ಎರಡೂ ಅರ್ಥ ಬಂತು. ನೀವು ಹೇಳುವ ಮಕ್ಕಳ ವಿಷಯದಲ್ಲಿ ಎರಡನೆಯ ಅರ್ಥ ಮೊದಲನೆಯದರಿಂದಲೇ ಹುಟ್ಟಿತು. ಹಡಗು ಹತ್ತುವ ಮುನ್ನ ಅವರು ಬಡವರು ಮಾತ್ರ. ಇಳಿದ ಮೇಲೆ ಪರದೇಶಿಗಳು.

ಕೋರ್ಟುಬೀದಿ:

ಮೇಷ್ಟ್ರ ಪದ ಚೆನ್ನಾಗಿದೆ. ಕಾನೂನಿನ ಕಡೆಯಿಂದ ನೋಡಿದರೆ ಅದಕ್ಕೆ ಇನ್ನಷ್ಟು ಬಲ ಬರುತ್ತದೆ. ಬಡವರ ಪಾಲನೆಗಿದ್ದ ಸ್ಥಳೀಯ ಮಂಡಳಿಗಳು ತಮ್ಮ ವಶದಲ್ಲಿದ್ದ ಮಕ್ಕಳನ್ನು ಸಾರ್ವಜನಿಕ ಹಣದಿಂದ ಹೊರದೇಶಕ್ಕೆ ಕಳುಹಿಸಬಹುದೆಂದು ಇಂಗ್ಲೆಂಡಿನಲ್ಲಿ 1850ರಲ್ಲೇ ಕಾನೂನಾಗಿತ್ತು. ಅದರಲ್ಲಿ ಒಂದು ಷರತ್ತಿತ್ತು: ಮಗು ಇಬ್ಬರು ಮ್ಯಾಜಿಸ್ಟ್ರೇಟರ ಮುಂದೆ ನಿಂತು ತನ್ನ ಒಪ್ಪಿಗೆಯನ್ನು ಹೇಳಬೇಕು. ಎಂಟು ವರ್ಷದ ಹುಡುಗಿಯೊಬ್ಬಳು ಎತ್ತರದ ಪೀಠದಲ್ಲಿ ಕುಳಿತ ಇಬ್ಬರು ಗಡ್ಡದ ಸಾಹೇಬರ ಮುಂದೆ ನಿಂತು, ತಾನು ಕಂಡೂ ಕೇಳದ ಕೆನಡಾಕ್ಕೆ ಹೋಗುವುದು ಇಷ್ಟವೆಂದು ‘ಹೂಂ’ ಎನ್ನುವುದನ್ನು ಊಹಿಸಿಕೊಳ್ಳಿ. ಕಾಗದದ ಮಟ್ಟಿಗೆ ಎಲ್ಲವೂ ಕ್ರಮಬದ್ಧ.

ಖಾಸಗಿ ಸಂಸ್ಥೆಗಳಿಗೆ ಅಷ್ಟೂ ಕಟ್ಟುಪಾಡು ಇರಲಿಲ್ಲ. ಬರ್ನಾರ್ಡೋ ತನ್ನ ಕೆಲಸವನ್ನು ತಾನೇ ‘ಪರೋಪಕಾರಿ ಅಪಹರಣ’ ಎಂದು ಕರೆದುಕೊಂಡ ಮನುಷ್ಯ. ಹ್ಯಾರಿ ಗಾಸೇಜ್ ಎಂಬ ಹುಡುಗನನ್ನು ಆತ ಕೆನಡಾದ ವ್ಯಕ್ತಿಯೊಬ್ಬನಿಗೆ ಒಪ್ಪಿಸಿಬಿಟ್ಟಿದ್ದ. ಮಗನನ್ನು ಹಾಜರುಪಡಿಸಬೇಕೆಂದು ತಾಯಿಯ ಕಡೆಯವರು ಹೂಡಿದ ಹೇಬಿಯಸ್ ಕಾರ್ಪಸ್ ಅರ್ಜಿ 1892ರಲ್ಲಿ ಅಂದಿನ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಲಾರ್ಡ್ಸ್ ಸಭೆಯವರೆಗೂ ಹೋಯಿತು. ಹುಡುಗ ಮಾತ್ರ ಸಿಗಲಿಲ್ಲ. ಆ ತಾಯಿ ಆದರ್ಶ ತಾಯಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಆಕೆ ಮಗನನ್ನು ಬೀದಿಯಲ್ಲಿ ವಾದ್ಯ ನುಡಿಸಿ ಹಣ ಎತ್ತುವವರ ಕೈಗೆ ಕೊಟ್ಟಿದ್ದಳು. ಇಂಥ ಮೊಕದ್ದಮೆಗಳ ನಡುವೆಯೇ 1891ರಲ್ಲಿ ಮಕ್ಕಳ ಸುಪರ್ದಿಯ ಕಾಯಿದೆ ಬಂದಿತು. ಮಗುವನ್ನು ಬಿಟ್ಟುಹೋದ ತಂದೆತಾಯಿ ಮತ್ತೆ ಬಂದು ಕೇಳಿದರೆ ನ್ಯಾಯಾಲಯ ನಿರಾಕರಿಸಬಹುದು ಎಂಬುದು ಅದರ ಸಾರ. ಜನ ಅದನ್ನು ‘ಬರ್ನಾರ್ಡೋ ಕಾಯಿದೆ’ ಎಂದೇ ಕರೆದರು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಕಾಗದ. ‘ಯೋಗ್ಯರು’ ಎನಿಸಿದ ತಂದೆತಾಯಿಗೆ ಆ ಸಂಸ್ಥೆಯಿಂದ ಹಡಗು ಹೊರಡುವ ಮುನ್ನ ಸೂಚನಾ ಪತ್ರ ಹೋಗುತ್ತಿತ್ತು. ಉಳಿದವರಿಗೆ ಹಡಗು ಹೊರಟ ಮೇಲೆ. ಎರಡಕ್ಕೂ ಬೇರೆಬೇರೆ ನಮೂನೆಗಳಿದ್ದವು. ಅನಾಥ ಮಗುವಿಗೆ ಆ ಎರಡನೆಯ ನಮೂನೆಯ ಅಗತ್ಯವೇ ಇರಲಿಲ್ಲವಲ್ಲ! ಪತ್ರ ತಲುಪಿಸಲು ವಿಳಾಸವಿತ್ತು ಎಂದಮೇಲೆ ತಂದೆಯೋ ತಾಯಿಯೋ ಇದ್ದರು ಎಂದೇ ಅರ್ಥ.

ಕಡಲತಡಿ:

ಎಲ್ಲರೂ ಒಂದೇ ಕಡೆ ವಾಲುತ್ತಿರುವುದರಿಂದ ಇನ್ನೊಂದು ಮಾತನ್ನು ಸೇರಿಸಬೇಕೆನಿಸಿತು, ತಪ್ಪು ತಿಳಿಯಬೇಡಿ. ಬರ್ನಾರ್ಡೋ ಲಂಡನ್ನಿಗೆ ಬಂದದ್ದು 1866ರಲ್ಲಿ, ವೈದ್ಯ ಕಲಿತು ಚೀನಾಕ್ಕೆ ಮಿಷನರಿಯಾಗಿ ಹೋಗಬೇಕೆಂದು. ಅದೇ ವರ್ಷ ಲಂಡನ್ನಿನ ಪೂರ್ವ ಭಾಗದಲ್ಲಿ ಕಾಲರಾ ಹಬ್ಬಿ ಸಾವಿರಾರು ಜನ ಸತ್ತರು. ಅಲ್ಲಿನ ಮಕ್ಕಳು ಮಾಡಿನ ಮೇಲೆ, ಮೋರಿಯ ಪಕ್ಕ ಮಲಗುತ್ತಿದ್ದರು. ‘ಕ್ಯಾರೆಟ್ಸ್’ ಎಂದು ಕರೆಯುತ್ತಿದ್ದ ಕೆಂಪುಕೂದಲಿನ ಹುಡುಗನೊಬ್ಬನನ್ನು ಜಾಗವಿಲ್ಲವೆಂದು ಆಶ್ರಯಧಾಮದಿಂದ ಹಿಂದಕ್ಕೆ ಕಳುಹಿಸಿದ ಕೆಲವೇ ದಿನಗಳಲ್ಲಿ ಆತ ಹಸಿವು, ಚಳಿಗಳಿಂದ ಸತ್ತುಬಿದ್ದಿದ್ದ ಎಂಬುದು ಆ ಸಂಸ್ಥೆಯೇ ಹೇಳಿಕೊಂಡು ಬಂದ ಕಥೆ. ದಿಕ್ಕಿಲ್ಲದ ಯಾವ ಮಗುವನ್ನೂ ಹಿಂದಕ್ಕೆ ಕಳುಹಿಸುವುದಿಲ್ಲ ಎಂದು ಬಾಗಿಲಿಗೆ ಫಲಕ ಹಾಕಿಕೊಂಡದ್ದು ಅದರ ನಂತರ. ಹಾಗೆ ಬಾಗಿಲು ತೆರೆದಿಟ್ಟವರ ಬಳಿ ಮಕ್ಕಳ ಸಂಖ್ಯೆ ಏರುತ್ತಲೇ ಹೋಗುತ್ತದೆ. ಮುಂಬಾಗಿಲನ್ನು ಮುಚ್ಚದೆ ಇರಬೇಕಾದರೆ ಹಿಂಬಾಗಿಲೊಂದು ಬೇಕು, ಕೆನಡಾ ಆ ಹಿಂಬಾಗಿಲು. ಇಂಗ್ಲೆಂಡಿನ ಬಡವರ ದುಡಿಮೆಮನೆಗಳಲ್ಲಿ ಗಂಜಿ ಕುಡಿದು ಬೆಳೆಯುವುದಕ್ಕಿಂತ ಹಾಲು, ಬೆಣ್ಣೆ, ಗೋಧಿ ಇರುವ ಹೊಲಮನೆಯಲ್ಲಿ ಬೆಳೆಯುವುದು ಮೇಲೆಂದು ಅಂದಿನವರು ಪ್ರಾಮಾಣಿಕವಾಗಿ ನಂಬಿದ್ದರೆ ಅದನ್ನು ಕುತಂತ್ರ ಎನ್ನಲಾಗದು.

ಅವರಲ್ಲಿ ಅನೇಕರು ಮುಂದೆ ಸ್ವಂತ ಜಮೀನು ಮಾಡಿದರು, ಮದುವೆಯಾದರು, ಅಲ್ಲೇ ಬೇರೂರಿದರು. ಮೊದಲ ಮಹಾಯುದ್ಧದಲ್ಲಿ ಸಾವಿರಾರು ‘ಹೋಂ’ ಹುಡುಗರು ಕೆನಡಾದ ಸೈನ್ಯ ಸೇರಿದರು. 1918ರಲ್ಲಿ ವಿಕ್ಟೋರಿಯಾ ಕ್ರಾಸ್ ಪದಕ ಪಡೆದ ಕ್ಲಾಡ್ ನನ್ನಿ ಅಂಥವರಲ್ಲೊಬ್ಬ. ಇಷ್ಟೆಲ್ಲ ಇರುವಾಗ ಕಥೆಯನ್ನು ಕೇವಲ ಅಳುವಿನ ಕಥೆಯನ್ನಾಗಿ ಮಾಡುವುದು ಸರಿಯೇ?

ಒಂಟಾರಿಯೋ ಕನ್ನಡತಿ:

ಕಡಲತಡಿಯವರೇ, ತಪ್ಪೇನೂ ತಿಳಿಯಲಿಲ್ಲ. ನೀವು ಹೇಳಿದ ಕಾಲರಾ, ದುಡಿಮೆಮನೆಗಳನ್ನು ನನ್ನ ಲೇಖನದಲ್ಲಿ ನಾನೂ ಬರೆದಿದ್ದೇನೆ. ಕಳುಹಿಸಿದವರ ಮನಸ್ಸಿನ ಬಗ್ಗೆ ನನಗೆ ಹೆಚ್ಚು ಜಗಳವಿಲ್ಲ. ತರಿಸಿಕೊಂಡವರು ಏಕೆ ತರಿಸಿಕೊಂಡರು ಎಂಬುದು ನನ್ನ ಪ್ರಶ್ನೆ. ಅಲ್ಲಿಗೆ ಬಂದರೆ ದಯೆಯ ಲೆಕ್ಕ ಮುಗಿದು ಕೂಲಿಯ ಲೆಕ್ಕ ಶುರುವಾಗುತ್ತದೆ.

ಮೊದಲಿಗೆ ಮಕ್ಕಳನ್ನು ತಂಡವಾಗಿ ಕರೆತಂದವರು ಇಬ್ಬರು ಹೆಂಗಸರು. 1869ರಲ್ಲಿ ಮರಿಯಾ ರೈ ನಯಾಗರ ತೀರದ ಊರೊಂದರಲ್ಲಿ ಹಳೆಯ ನ್ಯಾಯಾಲಯವೂ ಜೈಲೂ ಆಗಿದ್ದ ಕಟ್ಟಡವನ್ನು ಕೊಂಡು ಮಕ್ಕಳನ್ನು ಇಳಿಸಿಕೊಳ್ಳುವ ಮನೆ ಮಾಡಿದಳು. ಮರುವರ್ಷ ಆನಿ ಮ್ಯಾಕ್‌ಫರ್ಸನ್ ಲಂಡನ್ನಿನಿಂದ ನೂರು ಹುಡುಗರನ್ನು ಕರೆತಂದಳು; ಬೆಲ್‌ವಿಲ್ ಊರಿನ ಮಾರ್ಚ್‌ಮಾಂಟ್ ಮನೆ ಅವಳದು. ಸ್ಕಾಟ್ಲೆಂಡಿನಿಂದ ವಿಲಿಯಂ ಕ್ವಾರಿಯರ್, 1882ರಿಂದ ಸ್ವತಂತ್ರವಾಗಿ ಬರ್ನಾರ್ಡೋ, ಕ್ಯಾಥೊಲಿಕ್ ಸಂಸ್ಥೆಗಳು, ಹೀಗೆ ಸಾಲು ಬೆಳೆಯಿತು. ಬರ್ನಾರ್ಡೋ ಸಂಸ್ಥೆಯೊಂದೇ ಸುಮಾರು 30,000 ಮಕ್ಕಳನ್ನು ಕಳುಹಿಸಿತು. ಪ್ರತಿ ಮಗುವಿಗೆ ಎರಡು ಡಾಲರಿನಂತೆ ಕೆನಡಾ ಸರ್ಕಾರ ಸಂಸ್ಥೆಗಳಿಗೆ ಪ್ರೋತ್ಸಾಹಧನ ಕೊಟ್ಟ ಕಾಲವೂ ಇತ್ತು. ರೈತರಿಂದ ಬರುತ್ತಿದ್ದ ಅರ್ಜಿಗಳಂತೂ ಬರುವ ಮಕ್ಕಳ ಹಲವು ಪಟ್ಟು. ಮಕ್ಕಳನ್ನು ಸಾಕುವ ಹಂಬಲ ಇಡೀ ಪ್ರಾಂತ್ಯಕ್ಕೆ ಒಮ್ಮೆಲೇ ಹುಟ್ಟಿತು ಎಂದು ನನಗನ್ನಿಸುವುದಿಲ್ಲ. ಜಮೀನು ಬೇಕಾದಷ್ಟಿತ್ತು, ಆಳು ಸಿಗುತ್ತಿರಲಿಲ್ಲ.

ಒಪ್ಪಂದಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿದ್ದರೂ ಹೆಚ್ಚುಕಡಿಮೆ ಒಂದೇ ಧಾಟಿಯವು. ತೀರಾ ಚಿಕ್ಕವರಾದರೆ ಅವರ ಊಟದ ಖರ್ಚನ್ನು ಸಂಸ್ಥೆಯೇ ರೈತನಿಗೆ ಕೊಡುತ್ತಿತ್ತು. ಮಗು ಹನ್ನೊಂದು ಹನ್ನೆರಡಕ್ಕೆ ಬರುವ ಹೊತ್ತಿಗೆ ಆ ಹಣ ನಿಲ್ಲುತ್ತಿತ್ತು. ಅಲ್ಲಿಂದ ಹುಡುಗ ತನ್ನ ಊಟ, ಬಟ್ಟೆ ಮತ್ತು ವರ್ಷಕ್ಕೆ ಕೆಲವು ತಿಂಗಳ ಶಾಲೆಗೆ ಬದಲಾಗಿ ದುಡಿಯಬೇಕು. ಹದಿನಾಲ್ಕು ದಾಟಿದ ಮೇಲೆ ಸಂಬಳ, ಅದೂ ಅವನ ಕೈಗಲ್ಲ, ಇಪ್ಪತ್ತೊಂದು ತುಂಬುವವರೆಗೆ ಸಂಸ್ಥೆಯ ಬಳಿ ಠೇವಣಿ. ಸಂಬಳ ಕೊಡುವ ವಯಸ್ಸು ಹತ್ತಿರ ಬಂದಾಗ ಆ ಹುಡುಗನನ್ನು ಹಿಂದಿರುಗಿಸಿ ಇನ್ನೊಬ್ಬ ಚಿಕ್ಕವನನ್ನು ಕೇಳುವ ರೈತರಿದ್ದರು. ಅಂಗಡಿಗೆ ಸಾಮಾನು ವಾಪಸ್ಸು ಮಾಡಿದಂತೆ ಮಕ್ಕಳು ಒಂದು ಮನೆಯಿಂದ ಇನ್ನೊಂದಕ್ಕೆ ಸಾಗುತ್ತಲೇ ಇದ್ದರು. ಒಡಹುಟ್ಟಿದವರನ್ನು ಒಂದೇ ಊರಿನಲ್ಲಿ ಇಡಬೇಕೆಂಬ ನಿಯಮ ಎಲ್ಲೂ ಗಟ್ಟಿಯಾಗಿರಲಿಲ್ಲ.

ಇದೆಲ್ಲ ನಾವು ಇವತ್ತು ಕುಳಿತು ಕಂಡುಹಿಡಿದ ತಪ್ಪಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. 1874ರಲ್ಲೇ ಬ್ರಿಟಿಷ್ ಸರ್ಕಾರ ಆಂಡ್ರ್ಯೂ ಡಾಯ್ಲ್ ಎಂಬ ಹಿರಿಯ ಇನ್ಸ್‌ಪೆಕ್ಟರನ್ನು ಕೆನಡಾಕ್ಕೆ ಕಳುಹಿಸಿತು. ಆತ ಊರೂರು ತಿರುಗಿ ನೂರಾರು ಮಕ್ಕಳನ್ನು ಮಾತನಾಡಿಸಿದ. ಮಗುವನ್ನು ಒಮ್ಮೆ ಹೊಲಮನೆಗೆ ಬಿಟ್ಟಮೇಲೆ ಅದು ಹೇಗಿದೆ ಎಂದು ನೋಡುವ ಏರ್ಪಾಡೇ ಇಲ್ಲ ಎಂಬುದು ಮರುವರ್ಷ ಬಂದ ಅವನ ವರದಿಯ ಮುಖ್ಯ ದೂರು. ಅದರಲ್ಲಿ ಒಬ್ಬ ಹುಡುಗಿಯ ಮಾತಿದೆ. ದತ್ತು ಎಂದರೇನು ಎಂದು ಕೇಳಿದ್ದಕ್ಕೆ ಆಕೆ, ಸಂಬಳ ಕೊಡದೆ ಕೆಲಸಕ್ಕೆ ಹುಡುಗಿಯೊಬ್ಬಳನ್ನು ಇಟ್ಟುಕೊಳ್ಳುವುದಕ್ಕೆ ಹಾಗೆನ್ನುತ್ತಾರೆ ಸ್ವಾಮಿ, ಎಂದಳು. ಸಾಕುಮಗಳೋ ಆಳುಮಗಳೋ ಎಂಬ ನಮ್ಮ ಇಡೀ ಚರ್ಚೆಯನ್ನು ಆ ಮಗು ಒಂದೇ ಉಸಿರಿನಲ್ಲಿ ಮುಗಿಸಿಬಿಟ್ಟಿದೆ. ವರದಿಯ ಫಲವಾಗಿ ದುಡಿಮೆಮನೆಗಳ ಮಕ್ಕಳನ್ನು ಕಳುಹಿಸುವುದು ಕೆಲವು ವರ್ಷ ನಿಂತಿತು, 1883ರಲ್ಲಿ ಮತ್ತೆ ಆರಂಭವಾಯಿತು. ಖಾಸಗಿ ಸಂಸ್ಥೆಗಳು ನಡುವೆಯೂ ನಿಲ್ಲಿಸಿರಲಿಲ್ಲ.

1895ರಲ್ಲಿ ಓವನ್ ಸೌಂಡ್ ಸಮೀಪದ ಹೊಲಮನೆಯೊಂದರಲ್ಲಿ ಜಾರ್ಜ್ ಎವರಿಟ್ ಗ್ರೀನ್ ಎಂಬ ಹುಡುಗ ಸತ್ತ. ಕೆನಡಾಕ್ಕೆ ಬಂದು ವರ್ಷವೂ ತುಂಬಿರಲಿಲ್ಲ. ಅವನ ಮೈಮೇಲಿನ ಗಾಯಗಳು, ಸೊರಗಿದ ದೇಹ, ಮಲಗಿದ್ದ ಕೋಣೆಯ ಹೊಲಸು ಎಲ್ಲವೂ ತನಿಖೆಯಲ್ಲಿ ದಾಖಲಾದವು. ಜಮೀನಿನ ಒಡತಿಯ ಮೇಲೆ ನರಹತ್ಯೆಯ ಮೊಕದ್ದಮೆ ನಡೆದು, ಜ್ಯೂರಿಯವರಲ್ಲಿ ಒಮ್ಮತ ಬರಲಿಲ್ಲ. ಪತ್ರಿಕೆಗಳಲ್ಲಿ ಆಮೇಲೆ ನಡೆದ ವಾದವನ್ನು ನೋಡಿದರೆ ಮೈ ಉರಿಯುತ್ತದೆ. ಹುಡುಗನನ್ನು ಹೇಗೆ ನೋಡಿಕೊಂಡರು ಎಂಬುದಕ್ಕಿಂತ, ಇಂಥ ‘ಕೆಟ್ಟ ರಕ್ತದ’ ಹುಡುಗರನ್ನು ಕೆನಡಾಕ್ಕೆ ಏಕೆ ಬಿಟ್ಟುಕೊಳ್ಳಬೇಕು ಎಂಬುದೇ ದೊಡ್ಡ ಪ್ರಶ್ನೆಯಾಯಿತು. 1897ರಲ್ಲಿ ಒಂಟಾರಿಯೋ ಪ್ರಾಂತ್ಯ ಈ ವಲಸೆಯನ್ನು ನಿಯಂತ್ರಿಸುವ ಕಾನೂನು ಮಾಡಿದ್ದು ಆ ಗದ್ದಲದ ನಂತರ.

ಇಷ್ಟಾದರೂ ಕಾರ್ಯಕ್ರಮ ಇನ್ನೂ ಮೂರು ದಶಕ ನಡೆಯಿತು. 1923–24ರ ಚಳಿಗಾಲದಲ್ಲಿ ಹೊಲಮನೆಗಳಲ್ಲಿದ್ದ ಮೂವರು ಹುಡುಗರು ತಮ್ಮ ಜೀವ ತಾವೇ ಕಳೆದುಕೊಂಡ ಮೇಲೆ ಬ್ರಿಟನ್ ಮಾರ್ಗರೆಟ್ ಬಾಂಡ್‌ಫೀಲ್ಡ್ ನೇತೃತ್ವದ ನಿಯೋಗವನ್ನು ಕಳುಹಿಸಿತು. ಶಾಲೆ ಬಿಡುವ ವಯಸ್ಸಾಗದ ಮಕ್ಕಳನ್ನು ಕಳುಹಿಸಬಾರದೆಂದು ನಿಯೋಗ ಹೇಳಿತು. ತಂದೆತಾಯಿ ಜೊತೆಯಿಲ್ಲದ 14 ವರ್ಷದೊಳಗಿನವರಿಗೆ ಕೆನಡಾ ಬಾಗಿಲು ಹಾಕಿತು, ಮೊದಲು ಮೂರು ವರ್ಷಕ್ಕೆಂದು, 1928ರಲ್ಲಿ ಶಾಶ್ವತವಾಗಿ. ಡಾಯ್ಲ್ ವರದಿ ಬಂದು ಅಷ್ಟು ಹೊತ್ತಿಗೆ ಅರ್ಧ ಶತಮಾನವಾಗಿತ್ತು.

ಗದ್ದೆಬದು:

ತುಂಬಾ ತಿಳಿದುಕೊಂಡೆ, ಧನ್ಯವಾದಗಳು ಮೇಡಂ. ಒಂದು ಸಂಶಯ. ಈ ವಿಷಯಕ್ಕೆ ಬ್ರಿಟನ್ನಿನ ಪ್ರಧಾನಿ ಕ್ಷಮೆ ಕೇಳಿದ್ದು, ಪರಿಹಾರ ಕೊಟ್ಟದ್ದು ಪತ್ರಿಕೆಯಲ್ಲಿ ಓದಿದ ನೆನಪು. ಆದರೆ ಅದು ಆಸ್ಟ್ರೇಲಿಯಾದ ಮಕ್ಕಳ ಬಗ್ಗೆ ಎಂದು ನೆನಪಿದೆ. ಎರಡೂ ಒಂದೇ ಯೋಜನೆಯೇ?

ಪರ್ತ್ ನಿವಾಸಿ:

ನಾನು ಪಶ್ಚಿಮ ಆಸ್ಟ್ರೇಲಿಯಾದಲ್ಲಿರುವುದರಿಂದ ಇದಕ್ಕೆ ಉತ್ತರಿಸುತ್ತೇನೆ. ಬೇರು ಒಂದೇ, ಕೊಂಬೆ ಬೇರೆ. ಕೆನಡಾದಲ್ಲಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ರೈತರ ಮನೆಗಳಿಗೆ ಹಂಚಿದರೆ, ಇಲ್ಲಿ ಒಟ್ಟಾಗಿ ದೊಡ್ಡ ಸಂಸ್ಥೆಗಳಲ್ಲಿಟ್ಟರು. ಕಿಂಗ್ಸ್‌ಲಿ ಫೇರ್‌ಬ್ರಿಡ್ಜ್ ಎಂಬ ತರುಣ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ 1909ರಲ್ಲಿ ಮಕ್ಕಳ ವಲಸೆಗೆಂದೇ ಸಂಘ ಕಟ್ಟಿ, 1912ರಲ್ಲಿ ಪರ್ತಿನ ದಕ್ಷಿಣಕ್ಕೆ ಪಿಂಜಾರಾದಲ್ಲಿ ಕೃಷಿಶಾಲೆ ತೆರೆದ. ಹುಡುಗರಿಗೆ ಬೇಸಾಯ, ಹುಡುಗಿಯರಿಗೆ ಮನೆಗೆಲಸ, ಕಲಿತ ಮೇಲೆ ಹೊಲಮನೆಗಳಿಗೆ ಆಳಾಗಿ ಹೋಗುವುದು. ಕೆನಡಾ ಬಾಗಿಲು ಹಾಕಿದ ಮೇಲೆ ಹಡಗುಗಳು ಹೆಚ್ಚಾಗಿ ಈ ಕಡೆ ತಿರುಗಿದವು. ಎರಡನೆಯ ಮಹಾಯುದ್ಧದ ನಂತರವೇ ಸುಮಾರು 4,000 ಮಕ್ಕಳು ಹೋದರು, ಬಹುಪಾಲು ಆಸ್ಟ್ರೇಲಿಯಾಕ್ಕೆ. ಕೊನೆಯವರು ಬಂದದ್ದು 1970ರಲ್ಲಿ ಎಂದರೆ ನಂಬುವುದು ಕಷ್ಟ.

ಪದದ ಪ್ರಶ್ನೆಗೆ ಇಲ್ಲೊಂದು ನೇರ ಉತ್ತರವಿದೆ. ನಿಮ್ಮ ಅಪ್ಪಅಮ್ಮ ಸತ್ತುಹೋಗಿದ್ದಾರೆ ಎಂದು ಈ ಮಕ್ಕಳಲ್ಲಿ ಅನೇಕರಿಗೆ ಹೇಳಿ ಬೆಳೆಸಿದ್ದರು. ನಾಟಿಂಗ್‌ಹ್ಯಾಮಿನ ಸಮಾಜ ಕಾರ್ಯಕರ್ತೆ ಮಾರ್ಗರೆಟ್ ಹಂಫ್ರೀಸ್ ಅವರಿಗೆ 1986ರಲ್ಲಿ ಆಸ್ಟ್ರೇಲಿಯಾದಿಂದ ಒಬ್ಬ ಹೆಂಗಸಿನ ಪತ್ರ ಬಂತು: ನನ್ನನ್ನು ನಾಲ್ಕು ವರ್ಷದವಳಿದ್ದಾಗ ಹಡಗಿನಲ್ಲಿ ಇಲ್ಲಿಗೆ ಕಳುಹಿಸಿದರು, ನಾನು ಯಾರ ಮಗಳು ಎಂದು ಹುಡುಕಿಕೊಡುತ್ತೀರಾ ಎಂದು. ತಂದೆತಾಯಿಯಿಲ್ಲದೆ ನಾಲ್ಕು ವರ್ಷದ ಮಗು ಹಡಗು ಹತ್ತಿತೆಂಬುದನ್ನು ಹಂಫ್ರೀಸ್ ಮೊದಲು ನಂಬಲಿಲ್ಲ. ಹುಡುಕುತ್ತ ಹೋದಂತೆ ಸಾವಿರಾರು ಜನ ಸಿಕ್ಕರು, ಅವರಲ್ಲಿ ಅನೇಕರ ತಾಯಂದಿರು ಇಂಗ್ಲೆಂಡಿನಲ್ಲಿ ಬದುಕಿದ್ದರು. ಅತ್ತ ಕೆಲವು ತಾಯಂದಿರಿಗೆ, ನಿಮ್ಮ ಮಗುವನ್ನು ಇಂಗ್ಲೆಂಡಿನಲ್ಲೇ ಒಳ್ಳೆಯ ಮನೆಯವರು ದತ್ತು ತೆಗೆದುಕೊಂಡಿದ್ದಾರೆ ಎಂದು ಹೇಳಲಾಗಿತ್ತು. ಎರಡೂ ಕಡೆಗೆ ಒಂದೊಂದು ಸುಳ್ಳು.

ಕ್ಷಮೆಯ ವಿಷಯ: ಆಸ್ಟ್ರೇಲಿಯಾ ಪರವಾಗಿ ಕೆವಿನ್ ರಡ್ 2009ರ ನವೆಂಬರಿನಲ್ಲಿ, ಬ್ರಿಟನ್ ಪರವಾಗಿ ಗಾರ್ಡನ್ ಬ್ರೌನ್ 2010ರ ಫೆಬ್ರವರಿಯಲ್ಲಿ ಕ್ಷಮೆ ಕೇಳಿದರು. ಬ್ರಿಟನ್ನಿನ ಸ್ವತಂತ್ರ ತನಿಖಾ ಆಯೋಗ 2018ರಲ್ಲಿ ವರದಿ ಕೊಟ್ಟಮೇಲೆ ಬದುಕಿರುವ ಪ್ರತಿಯೊಬ್ಬರಿಗೂ 20,000 ಪೌಂಡು ಕೊಡುವ ವ್ಯವಸ್ಥೆಯಾಯಿತು. ಕೆನಡಾಕ್ಕೆ ಹೋದವರಲ್ಲಿ ಬಹುತೇಕರು ಆ ಹೊತ್ತಿಗೆ ತೀರಿಹೋಗಿದ್ದರು.

ಒಂಟಾರಿಯೋ ಕನ್ನಡತಿ:

ಹೌದು. ಕೆನಡಾದ ಲೋಕಸಭೆ 2017ರಲ್ಲಿ ಅವಿರೋಧವಾಗಿ ಕ್ಷಮೆಯ ಗೊತ್ತುವಳಿಯನ್ನು ಅಂಗೀಕರಿಸಿತು, ಮರುವರ್ಷ ಸೆಪ್ಟೆಂಬರ್ 28ನ್ನು ಈ ಮಕ್ಕಳ ನೆನಪಿನ ದಿನವನ್ನಾಗಿ ಘೋಷಿಸಿತು. ಗೊತ್ತುವಳಿ ಬೇರೆ, ಪ್ರಧಾನಿ ಎದ್ದುನಿಂತು ಸರ್ಕಾರದ ಪರವಾಗಿ ಕೇಳುವ ಕ್ಷಮೆ ಬೇರೆ ಎಂದು ವಂಶಸ್ಥರು ಇನ್ನೂ ಹೇಳುತ್ತಿದ್ದಾರೆ. ಟೊರಾಂಟೋದ ಪಾರ್ಕ್ ಲಾನ್ ಸ್ಮಶಾನದಲ್ಲಿ ಗುರುತುಕಲ್ಲೂ ಇಲ್ಲದೆ ಹೂಳಲ್ಪಟ್ಟಿದ್ದ 70ಕ್ಕೂ ಹೆಚ್ಚು ಬರ್ನಾರ್ಡೋ ಮಕ್ಕಳ ಹೆಸರುಗಳನ್ನು ಅದೇ 2017ರಲ್ಲಿ ಕಲ್ಲಿನಲ್ಲಿ ಕೆತ್ತಿಸಿದರು. ಅದು ಸರ್ಕಾರ ಮಾಡಿದ್ದಲ್ಲ, ವಂಶಸ್ಥರು ಓಡಾಡಿ ಮಾಡಿಸಿದ್ದು.

ಚಹಾತೋಟ:

ಭಾರತಕ್ಕೂ ಇದಕ್ಕೂ ಒಂದು ಕೊಂಡಿಯಿದೆ, ಅದನ್ನು ಯಾರೂ ಪ್ರಸ್ತಾಪಿಸದ್ದರಿಂದ ಬರೆಯುತ್ತಿದ್ದೇನೆ. ಕಾಲಿಂಪಾಂಗಿನಲ್ಲಿ ಜಾನ್ ಆಂಡರ್ಸನ್ ಗ್ರಹಾಂ ಎಂಬ ಸ್ಕಾಟಿಷ್ ಪಾದ್ರಿ 1900ರಲ್ಲಿ ಒಂದು ವಸತಿಶಾಲೆ ತೆರೆದರು. ಅದರ ಮೊದಲ ಹೆಸರಿನಲ್ಲೇ ‘ಕಲೋನಿಯಲ್ ಹೋಮ್ಸ್’ ಎಂದಿತ್ತು. ಬ್ರಿಟಿಷ್ ಚಹಾತೋಟದ ಮಾಲೀಕರಿಗೆ ಸ್ಥಳೀಯ ಹೆಂಗಸರಲ್ಲಿ ಹುಟ್ಟಿದ ಮಕ್ಕಳನ್ನು ಅಲ್ಲಿ ಓದಿಸಿ, 1908ರಿಂದ 1938ರ ನಡುವೆ ಅವರಲ್ಲಿ ಸುಮಾರು 130 ಜನರನ್ನು ನ್ಯೂಜಿಲೆಂಡಿಗೆ ಕಳುಹಿಸಿದರು. ಹುಡುಗರನ್ನು ಹೊಲಗಳಿಗೆ, ಹುಡುಗಿಯರನ್ನು ಮನೆಗೆಲಸಕ್ಕೆ. ಅವರೂ ಅನಾಥರಲ್ಲ. ಶಾಲೆಯ ಶುಲ್ಕ ಕಟ್ಟುತ್ತಿದ್ದ ತಂದೆ ತೋಟದ ಬಂಗಲೆಯಲ್ಲೇ ಇದ್ದ. ತಾಯಿ ಅದೇ ತೋಟದ ಇನ್ನೊಂದು ಮೂಲೆಯಲ್ಲಿದ್ದಳು, ಮಗುವನ್ನು ನೋಡುವ ಅವಕಾಶ ಮಾತ್ರ ಅವಳಿಗಿರಲಿಲ್ಲ. ನ್ಯೂಜಿಲೆಂಡಿನಲ್ಲಿ ಆ ಮಕ್ಕಳು ತಮ್ಮ ಮಕ್ಕಳಿಗೂ ಭಾರತದ ವಿಷಯ ಹೇಳದೆ ಬದುಕಿದರು, ಮೊಮ್ಮಕ್ಕಳು ಹಳೆಯ ಫೋಟೋ ಹಿಡಿದು ಕಾಲಿಂಪಾಂಗಿಗೆ ಬರತೊಡಗಿದಾಗ ಕಥೆ ಹೊರಬಂತು. ಮೇಷ್ಟ್ರು ಹೇಳಿದ ‘ಪರದೇಶಿ’ ಇವರಿಗೂ ಹೊಂದುತ್ತದೆ.

ಕಡಲತಡಿ:

ಆ ಹುಡುಗಿ ದತ್ತಿನ ಬಗ್ಗೆ ಹೇಳಿದ ಮಾತನ್ನು ಓದಿದ ಮೇಲೆ ‘ಸಾಕಿದ’ ಎಂಬ ಪದವನ್ನು ನಾನೂ ಬಿಟ್ಟುಕೊಡುತ್ತೇನೆ. ಆದರೆ ನನ್ನ ಮೂಲ ಮಾತು ಹಾಗೆಯೇ ಇದೆ. ಬರ್ನಾರ್ಡೋನ ಫಲಕ ಸುಳ್ಳಾಗಿರಲಿಲ್ಲ, ಆ ಫಲಕವಿಲ್ಲದಿದ್ದರೆ ಸಾಯುತ್ತಿದ್ದ ಮಕ್ಕಳು ಇದ್ದರು. ಬಡ ತಾಯಿಗೆ ವಾರಕ್ಕೆ ಕೆಲವು ಶಿಲಿಂಗು ಕೊಟ್ಟಿದ್ದರೆ ಮಗು ಅವಳ ಬಳಿಯೇ ಇರುತ್ತಿತ್ತು ಎಂದು ನೀವು ಹೇಳಬಹುದು. ನಿಜ. ಆದರೆ ಬಡವರ ಕೈಗೆ ಹಣ ಕೊಟ್ಟರೆ ಸೋಮಾರಿಗಳಾಗುತ್ತಾರೆ ಎಂದು ಇಡೀ ದೇಶವೇ ನಂಬಿದ್ದಾಗ ಒಬ್ಬ ಬರ್ನಾರ್ಡೋ ಏನು ಮಾಡಬಹುದಿತ್ತು? ಶೀರ್ಷಿಕೆಯಲ್ಲಿ ಅವನನ್ನೂ ಖಳನಾಯಕನನ್ನಾಗಿ ಮಾಡಬೇಡಿ ಎಂಬುದಷ್ಟೇ ನನ್ನ ಕೋರಿಕೆ.

ಕೋರ್ಟುಬೀದಿ:

ಖಳನಾಯಕ ಎಂದು ಯಾರೂ ಹೇಳಲಿಲ್ಲ ಸರ್. ಆದರೆ ಅದೇ ಬರ್ನಾರ್ಡೋ ‘ಬಂದಾಗ ಹೀಗಿದ್ದ, ಈಗ ಹೀಗಾದ’ ಎಂಬ ಜೋಡಿ ಫೋಟೋಗಳನ್ನು ದೇಣಿಗೆಗಾಗಿ ಮಾರುತ್ತಿದ್ದ, ಮಕ್ಕಳನ್ನು ಇದ್ದದ್ದಕ್ಕಿಂತ ಹರಕಲಾಗಿ ತೋರಿಸಿದ ಆ ಚಿತ್ರಗಳ ಬಗ್ಗೆ, ಅವನ ಮೇಲಿನ ದೂರುಗಳನ್ನು ವಿಚಾರಿಸಲು 1877ರಲ್ಲಿ ನಡೆದ ಮಧ್ಯಸ್ಥಿಕೆ ಪಂಚಾಯ್ತಿಯಲ್ಲಿ ಛೀಮಾರಿಯೂ ಆಯಿತು. ಉಳಿದ ಆರೋಪಗಳಿಂದ ಆತ ಪಾರಾದ. ದಾನಿಗಳಿಗೆ ಬೇಕಾಗಿದ್ದುದು ಅನಾಥ ಮಗು. ಬಟ್ಟೆ ಒಗೆದು ಹೊಟ್ಟೆ ಹೊರೆಯುವ ವಿಧವೆಯ ಮಗ ಎಂದರೆ, ಆ ವಿಧವೆಗೇ ಸಹಾಯ ಮಾಡಿ ಎಂಬ ಪ್ರಶ್ನೆ ಬರುತ್ತದಲ್ಲ?

ಹಳೆಯ ಮೇಷ್ಟ್ರು:

ತಂಗಿ, ಶೀರ್ಷಿಕೆಗೆ ನನ್ನ ಸಲಹೆ ‘ಪರದೇಶಿಗಳಾದ ಮಕ್ಕಳು’. ‘ಆದ’ ಎಂಬುದನ್ನು ಬಿಡಬೇಡಿ, ಹುಟ್ಟಾ ಪರದೇಶಿಗಳಲ್ಲ ಎಂಬುದು ಅಲ್ಲೇ ಇದೆ. ‘ಮಾಡಿದ’ ಎಂದರೆ ಕಡಲತಡಿಯವರು ಮತ್ತೆ ಜಗಳಕ್ಕೆ ಬಂದಾರು. ಮತ್ತೊಂದು ಕೇಳಬೇಕಿತ್ತು: ಆ ಅಜ್ಜಿ ತಮ್ಮ ತಂದೆಯ ಕಾಗದಪತ್ರ ತರಿಸಿಕೊಂಡಿದ್ದಾರೆಯೇ?

ಒಂಟಾರಿಯೋ ಕನ್ನಡತಿ:

ಮೇಷ್ಟ್ರೇ, ‘ಪರದೇಶಿಗಳಾದ ಮಕ್ಕಳು’ ಎಂದೇ ಬದಲಾಯಿಸಿ ಕಳುಹಿಸಿದೆ. ಸಂಪಾದಕರು ಒಪ್ಪಿದ್ದಾರೆ, ಕನ್ನಡ ಮರೆತ ನಮ್ಮ ಹುಡುಗರು ಅದನ್ನು ‘ಫಾರಿನರ್ಸ್’ ಎಂದು ಓದಿಕೊಂಡಾರು ಎಂದು ನಕ್ಕರು. ಹಾಗೆ ಓದಿಕೊಂಡರೂ ಅರ್ಧ ಸರಿಯೇ.

ಕಾಗದಪತ್ರದ ವಿಷಯ. ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಿದ್ದ ಮಕ್ಕಳ ಹೆಸರುಗಳನ್ನು ಕೆನಡಾದ ರಾಷ್ಟ್ರೀಯ ಗ್ರಂಥಾಲಯ ಮತ್ತು ಪತ್ರಾಗಾರ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ; ಅಜ್ಜಿಯ ತಂದೆಯ ಹೆಸರು, ವಯಸ್ಸು, ಹಡಗು ಅಲ್ಲೇ ಸಿಕ್ಕವು. ಮಗುವನ್ನು ಸೇರಿಸಿಕೊಂಡಾಗಿನ ವಿವರಕ್ಕೆ ಮಾತ್ರ ಇಂಗ್ಲೆಂಡಿನಲ್ಲಿರುವ ಸಂಸ್ಥೆಗೇ ಬರೆಯಬೇಕು. ಅಜ್ಜಿ ಹೋದ ವರ್ಷ ಬರೆದಿದ್ದರು, ನಕಲು ಬಂದು ಆರು ವಾರವಾಯಿತು. ಲಕೋಟೆಯನ್ನು ಒಬ್ಬರೇ ಒಡೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದರು. ಮೊನ್ನೆ ಭಾನುವಾರ ನನ್ನನ್ನು ಕರೆದರು.

ಒಳಗೆ ಮೂರು ಹಾಳೆಗಳಿದ್ದವು. ತಂದೆ ಕ್ಷಯದಿಂದ ಸತ್ತದ್ದು, ತಾಯಿ ಬಟ್ಟೆ ಒಗೆಯುವ ಕೆಲಸ ಮಾಡುತ್ತಿದ್ದುದು, ಅವಳ ವಾರದ ಸಂಪಾದನೆ, ಮನೆಯ ಬಾಡಿಗೆ, ಅವಳಿದ್ದ ಬೀದಿ, ಬಾಗಿಲಿನ ಸಂಖ್ಯೆ. ಕೋರ್ಟುಬೀದಿಯವರು ಯಾವುದೋ ವಿಧವೆಯ ಬಗ್ಗೆ ಬರೆದದ್ದನ್ನು ಓದಿದಾಗ ನನ್ನ ಮೈ ಜುಮ್ಮೆಂದದ್ದು ಅದಕ್ಕೇ. ಕೊನೆಯ ಹಾಳೆಯಲ್ಲಿ, ಹುಡುಗ ಹೋದ ಎರಡು ವರ್ಷದ ನಂತರ ತಾಯಿ ಸಂಸ್ಥೆಗೆ ಬಂದು ಅವನ ವಿಳಾಸ ಕೇಳಿದಳು ಎಂದು ಒಂದೇ ಸಾಲು. ಕೊಟ್ಟರೋ ಇಲ್ಲವೋ ಅದರಲ್ಲಿಲ್ಲ. ಅಜ್ಜಿ ಆ ಸಾಲನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ನಾವಿಬ್ಬರೂ ಗ್ಯಾರೇಜಿಗೆ ಹೋಗಿ ಪೆಟ್ಟಿಗೆಯ ಒಂದೊಂದು ಬದಿ ಹಿಡಿದು ಒಳಗೆ ತಂದೆವು. ಈಗ ಅದು ಅವರ ಊಟದ ಕೋಣೆಯ ಕಿಟಕಿಯ ಕೆಳಗಿದೆ. ಸಂಚಿಕೆಗೆ ಅದರ ಫೋಟೋ ತೆಗೆದುಕೊಳ್ಳಲು ಒಪ್ಪಿದ್ದಾರೆ, ಮೊದಲು ಧೂಳು ಒರೆಸುತ್ತೇನೆ ತಾಳು ಎಂದರು.